ಲೋಡ್ ಮೇಲೆ ಕೂತು ಹೋಗೋರಿಗೆ ದುಡ್ಡು ಕೊಡೋರ್ಯಾರು?

ಲಾರಿ ಆಕ್ಸಿಡೆಂಟ್ ಆಯ್ತು ಅಂದ್ರೆ ಜನ ಮೊದಲು ಕೇಳೋದು ಡ್ರೈವರ್ ಸಿಕ್ಕಿದ್ನಾ ಅಂತ. ಸಿಗ್ಲಿ, ಅವನ ಮೇಲೆ ಕ್ರಿಮಿನಲ್ ಕೇಸ್ ನಡೀಲಿ, ಆದ್ರೆ ಸತ್ತೋರ ಮನೆಗೆ ಅದ್ರಿಂದ ಸಾಮಾನ್ಯವಾಗಿ ಹೆಚ್ಚೇನೂ ಬರಲ್ಲ. ದುಡ್ಡಿಗೆ ಎಂವಿಸಿ ಕೇಸ್ (ಆಕ್ಸಿಡೆಂಟ್ ಪರಿಹಾರ ಕೇಳೋ ಕೇಸ್) ಬೇರೇನೇ ಹಾಕ್ಬೇಕು, ಅಲ್ಲಿ ಲೆಕ್ಕಕ್ಕೆ ಬರೋದು ಓನರ್ ಮತ್ತೆ ಅವನ ಇನ್ಶೂರೆನ್ಸ್ ಕಂಪನಿ. ಡ್ಯೂಟಿ ಮೇಲಿದ್ದಾಗ ಡ್ರೈವರ್ ಮಾಡಿದ ತಪ್ಪಿಗೆ ಯಜಮಾನ ಹೊಣೆ, ಯಜಮಾನನ ಪರವಾಗಿ ಕಟ್ಟೋದು ಕಂಪನಿ.

ಬೈಕಲ್ಲೋ ನಡ್ಕೊಂಡೋ ಹೋಗ್ತಿದ್ದೋರಿಗೆ ಲಾರಿ ಗುದ್ದಿದ್ರೆ ಈ ದಾರಿ ಹೆಚ್ಚುಕಮ್ಮಿ ನೆಟ್ಟಗಿದೆ. ಡ್ರೈವರ್‌ಗೆ ಸರಿಯಾದ ಲೈಸೆನ್ಸ್ ಇರ್ಲಿಲ್ಲ ಅಂತ ಕಂಪನಿ ತಕರಾರು ತೆಗೀಬಹುದು, ಆದ್ರೆ 2004ರ ಸ್ವರಣ್ ಸಿಂಗ್ ತೀರ್ಪಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಲೈಸೆನ್ಸ್ ಇಲ್ಲ ಅನ್ನೋದೊಂದೇ ಸಾಲದು, ಓನರ್ ನಿರ್ಲಕ್ಷ್ಯ ಮಾಡಿದ್ದ ಅಂತ್ಲೂ ಕಂಪನಿನೇ ಸಾಬೀತು ಮಾಡ್ಬೇಕು ಅಂತ. ಸಾಬೀತಾದ್ರೂ ಎಷ್ಟೋ ಸಲ ಕೋರ್ಟು, ಮೊದ್ಲು ನೀವು ಕಟ್ಟಿ, ಆಮೇಲೆ ಓನರ್ ಹತ್ರ ವಸೂಲಿ ಮಾಡ್ಕೊಳಿ ಅನ್ನುತ್ತೆ.

ನನ್ ತಲೆ ಕೆಡಿಸೋದು ಲಾರಿಗೆ ಸಿಕ್ಕೋರಲ್ಲ, ಲಾರಿ ಮೇಲೆ ಕೂತು ಹೋಗೋರು. 2025ರ ಜನವರಿ 22ರ ಬೆಳಗಿನ ಜಾವ ಸವಣೂರಿಂದ ಕುಮಟಾ ಸಂತೆಗೆ ಹೊರಟಿದ್ದ ತರಕಾರಿ ಲಾರಿ ಯಲ್ಲಾಪುರದ ಹತ್ರ ಪಲ್ಟಿ ಆಗಿ 10 ಜನ ಹೋಗ್ಬಿಟ್ರಲ್ಲ, ಎಲ್ಲಾ ಹಣ್ಣು ತರಕಾರಿ ಮಾರೋರು, ಸರಕಿನ ಜೊತೆ ಅದೇ ಗಾಡೀಲಿ ಹೊರಟೋರು. ಆ ಕ್ಲೇಮುಗಳು ಎಲ್ಲಿಗೆ ಬಂದ್ವು ಅನ್ನೋದು ಇಲ್ಲಿ ವಿಷ್ಯ ಅಲ್ಲ, ಇಂಥೋರಿಗೆ ಕಾನೂನು ಏನ್ ಕೊಡುತ್ತೆ ಅನ್ನೋದು.

ಗೂಡ್ಸ್ ಗಾಡೀಲಿ ಸುಮ್ನೆ ಲಿಫ್ಟ್ ತಗೊಂಡೋ ಡ್ರೈವರ್ ಕೈಗೆ ಐವತ್ತು ನೂರು ಕೊಟ್ಟೋ ಹತ್ತಿದೋರಿಗೆ ಥರ್ಡ್ ಪಾರ್ಟಿ ಪಾಲಿಸಿ (ಗಾಡಿಯಿಂದ ಬೇರೆಯೋರಿಗೆ ಆದ ಹಾನಿಗೆ ಕಟ್ಟಿಕೊಡೋ ಕಡ್ಡಾಯ ಇನ್ಶೂರೆನ್ಸ್) ಅನ್ವಯಿಸಲ್ಲ, ಸುಪ್ರೀಂ ಕೋರ್ಟ್‌ನ ಆಶಾ ರಾಣಿ ಕೇಸಲ್ಲಿ ಇದು ತೀರ್ಮಾನ ಆಗೋಗಿದೆ. ಮೋಟಾರು ವಾಹನ ಕಾಯ್ದೆಗೆ ಆದ 1994ರ ತಿದ್ದುಪಡೀಲಿ ಸರಕಿನ ಮಾಲೀಕ ಅಥವಾ ಅವನ ಕಡೆಯೋನಿಗೆ ಮಾತ್ರ ರಕ್ಷಣೆ ಸಿಕ್ತು. ಹಾಗಾದ್ರೆ ತರಕಾರಿ ಮಾರೋರು ಬಚಾವ್ ಅಂತ ಅನ್ಸುತ್ತೆ ಅಲ್ವಾ? ಅಷ್ಟು ಸುಲಭ ಇಲ್ಲ, ಸರಕಿನ ಮಾಲೀಕ ಅಂದ್ರೆ ಕ್ಯಾಬಿನ್‌ನಲ್ಲಿ ಕೂತೋನು ಅಂತ ಸುಪ್ರೀಂ ಕೋರ್ಟೇ ಅರ್ಥ ಮಾಡಿದೆ. ಕ್ಯಾಬಿನ್‌ನಲ್ಲಿ ಇಷ್ಟೇ ಜನ ಅಂತ ಆರ್‌ಸೀಲಿ ಬರ್ದಿರುತ್ತೆ, ಮಿಕ್ಕೋರು ಮೂಟೆ ಮೇಲೆ. (ಅವರಿಗೆ ಬಸ್ಸಲ್ಲಿ ಯಾಕ್ ಹೋಗ್ಲಿಲ್ಲ ಅನ್ನೋರು ನಡುರಾತ್ರಿ ಮೂಟೆ ಸಮೇತ ಬಸ್ ಹತ್ತಿ ತೋರಿಸ್ಲಿ.)

ಕಂಪನಿ ಕೈ ಎತ್ತಿದ್ರೆ ಹೊಣೆ ಪೂರ್ತಿ ಓನರ್ ತಲೆಗೆ. ದೊಡ್ಡ ಟ್ರಾನ್ಸ್‌ಪೋರ್ಟ್ ಕಂಪನಿ ಆದ್ರೆ ವಸೂಲಿ ಮಾಡ್ಬಹುದು, ಆದ್ರೆ ಫೈನಾನ್ಸಲ್ಲಿ ಒಂದೇ ಲಾರಿ ಇಟ್ಕೊಂಡೋನ ಹತ್ರ ಏನ್ ಜಪ್ತಿ ಮಾಡ್ತೀರಾ, ಕಂತು ಬಾಕಿ ಇರೋ ಅದೇ ಗಾಡೀನಾ? ತೀರ್ಪು ಕೈಯಲ್ಲಿ ಹಿಡ್ಕೊಂಡು, ಅದನ್ನ ಜಾರಿ ಮಾಡ್ಸೋಕೆ ಹಾಕೋ ಅಮಲ್ಜಾರಿ ಅರ್ಜಿಗೆ ವರ್ಷಗಟ್ಲೆ ಅಲೀಬೇಕು. ಲಾರಿ ಮಾರಿ ಆರ್‌ಸಿ ಹೆಸರು ಬದಲಾಯ್ಸದೆ ಬಿಟ್ಟ ಹಳೇ ಓನರ್‌ಗಳೂ ಹುಷಾರಾಗಿರಿ, 2018ರ ನವೀನ್ ಕುಮಾರ್ ತೀರ್ಪಿನ ಪ್ರಕಾರ ಆರ್‌ಸೀಲಿ ಹೆಸರಿರೋನೇ ಓನರ್.

ಸಂತೆ ವ್ಯಾಪಾರಿಗಳು ಲಾರಿ ಹತ್ತೋಕ್ ಮುಂಚೆ ಸರಕು ಖರೀದಿ ಮಾಡಿದ ಚೀಟಿ, ಬಾಡಿಗೆ ಕೊಟ್ಟ ರಸೀದಿ ಇಟ್ಕೊಳಿ, ಫೋನಲ್ಲಿ ಫೋಟೋ ತೆಗೆದು ಮನೆಗೂ ಕಳ್ಸಿ, ಯಾಕಂದ್ರೆ ಕೇಸಲ್ಲಿ ನೀವು ಸರಕಿನ ಮಾಲೀಕರು ಅಂತ ತೋರ್ಸೋಕೆ ಇರೋ ಆಧಾರನೇ ಅದು. ಏನಾದ್ರೂ ಆದ್ರೆ ಯಾರು ಎಲ್ಲಿ ಕೂತಿದ್ರು ಅಂತ ಪೊಲೀಸರು ದೂರಿನಲ್ಲಿ, ಪಂಚನಾಮೆಲಿ ಏನ್ ಬರೀತಾರೆ ಅಂತ ಓದಿ ನೋಡ್ದೆ ಸಹಿ ಹಾಕ್ಬೇಡಿ. 2022ರ ಏಪ್ರಿಲ್‌ನಿಂದ ಕ್ಲೇಮ್ ಹಾಕೋಕೆ ಕಾಯ್ದೆಲಿ 6 ತಿಂಗಳ ಗಡುವಿದೆ, ಅದನ್ನ ಪ್ರಶ್ನೆ ಮಾಡಿ ಸುಪ್ರೀಂ ಕೋರ್ಟ್‌ಗೆ ಹೋಗಿದಾರೆ, ಆದ್ರೆ ಆ ಕೇಸನ್ನ ನಂಬ್ಕೊಂಡು ಕೂರ್ದೆ ತಿಥಿ ಕಳೀತಿದ್ದಂಗೆ ವಕೀಲರನ್ನ ಹಿಡೀರಿ.