ಅಜ್ಜನ ಇನ್ನೊಂದು ಮನೆ

ಅಣ್ಣನ ಮಗಳಿಗೆ ಸಂಬಂಧ ಬಂದಿತ್ತು. ಜಾತಕ ಕೂಡಿತು, ಹುಡುಗನೂ ಒಪ್ಪಿಗೆಯಾದ. ಆಗ ದೊಡ್ಡತ್ತೆ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು: “ಅಪ್ಪ ದತ್ತು ಬಂದದಲ್ದಾ? ಹುಟ್ಟಿದ ಮನೆ ಗೋತ್ರವೂ ನೋಡೆಕ್ಕು.”

ಎಲ್ಲರೂ ಮುಖ ಮುಖ ನೋಡಿಕೊಂಡೆವು. ಅಜ್ಜ ದತ್ತು ಬಂದವರು ಅಂತ ಗೊತ್ತಿತ್ತು. ಎಲ್ಲಿಂದ ಅಂತ ಯಾರೂ ಕೇಳಿರಲಿಲ್ಲ, ಅವರೂ ಹೇಳಿದವರಲ್ಲ. ದತ್ತು ಹೋದವನ ಗೋತ್ರ ಬದಲಾಗುತ್ತದೆ, ಆದರೆ ಮದುವೆಯ ಮಾತು ಬಂದಾಗ ಹಳೆಯದೂ ಬೆನ್ನು ಬಿಡುವುದಿಲ್ಲ. 1956ರ ದತ್ತು ಕಾಯ್ದೆಯೂ ಹಾಗೆಯೇ: ಹುಟ್ಟಿದ ಮನೆಯಲ್ಲೇ ಇದ್ದಿದ್ದರೆ ಯಾರನ್ನು ಮದುವೆಯಾಗಬಾರದಿತ್ತೋ, ದತ್ತು ಹೋದ ಮೇಲೂ ಅವರನ್ನು ಆಗುವಂತಿಲ್ಲ.

ಹುಡುಕುವ ಕೆಲಸ ನನ್ನ ತಲೆಗೆ ಬಂತು. ನಮ್ಮ ಕಾಸರಗೋಡು ಕಡೆಯ ರಿಜಿಸ್ಟ್ರಿ ಆಫೀಸಿನಲ್ಲಿ ದತ್ತುಪತ್ರ ಬೇಕು ಅಂದಾಗ ಮೊದಲು ಕೇಳಿದ್ದೇ ಇಸವಿ. ಅಜ್ಜ ಹುಟ್ಟಿದ್ದು 1925ರಲ್ಲಿ. ಎಂಟು ವರ್ಷಕ್ಕೆ ಉಪನಯನ, ಅದಕ್ಕೆ ಮೊದಲೇ ದತ್ತು ತೆಗೆದುಕೊಳ್ಳುವುದು ನಮ್ಮಲ್ಲಿ ಕ್ರಮ. ಹಾಗಾಗಿ 1933ರವರೆಗೆ ನೋಡಿದರೆ ಸಾಕು ಅಂದೆ. ಮೂರನೇ ಸಲ ಹೋದಾಗ ಸಿಕ್ಕಿತು, 1931ರದ್ದು, ಕನ್ನಡದಲ್ಲಿ ಬರೆದದ್ದು.

ಅಲ್ಲಿದ್ದ ಹುಡುಗಿಗೆ ಮಲಯಾಳ ಮಾತ್ರ ಬರುತ್ತಿತ್ತು. ಪುಸ್ತಕ ನನ್ನ ಕಡೆ ತಿರುಗಿಸಿ, “ಇದು ವಾಯಿಕ್ಕಾನ್ ಅರಿಯಾಮೋ?” ಅಂದಳು. ಓದಲಿಕ್ಕೆ ಬರ್ತದಾ ಅಂತ! ಇದೇ ಊರಿನ ಆಫೀಸುಗಳಲ್ಲಿ ಮಲಯಾಳದ ಫಾರಂ ಹಿಡಿದು “ಇದರಲ್ಲಿ ಎಂತ ಬರೆದಿದೆ” ಅಂತ ಕೇಳಿ ಕೇಳಿ ಸಾಕಾದವನು ನಾನು. ಆ ದಿನ ಸ್ವಲ್ಪ ಜಂಬದಿಂದಲೇ ಕುರ್ಚಿ ಎಳೆದುಕೊಂಡೆ.

ಕಂದಿದ ಶಾಯಿ, ಒಂದಕ್ಕೊಂದು ಅಂಟಿಕೊಂಡ ಓರೆ ಅಕ್ಷರ. ದಕ್ಷಿಣ ಕನ್ನಡ ಜಿಲ್ಲೆ, ಕಾಸರಗೋಡು ತಾಲೂಕು ಅಂತ ಶುರು. ನಾವು ಕೇರಳಕ್ಕೆ ಸೇರಲು ಇನ್ನೂ 25 ವರ್ಷ ಇತ್ತು. ಜೋರಾಗಿ ಓದುತ್ತಾ ಹೋದೆ. “ಆರು ವರ್ಷ ಪ್ರಾಯದ ನಮ್ಮ ಎರಡನೇ ಮಗನನ್ನು” ಅನ್ನುವಲ್ಲಿ ಸ್ವರ ನಿಂತಿತು. ಹುಡುಗಿ ಏನೂ ಅನ್ನದೆ ಫ್ಯಾನ್ ಹಾಕಿದಳು.

ಮನೆ ಹೆಸರು, ಊರು ಎಲ್ಲ ಇತ್ತು. ಗೋತ್ರ ಇರಲಿಲ್ಲ.

ಮನೆ ನೀರ್ಚಾಲಿನ ಹತ್ತಿರ. ನಮ್ಮಲ್ಲಿಂದ ಬೈಕಿನಲ್ಲಿ ಅರ್ಧ ಗಂಟೆ. ಆ ತೋಟದ ಬದಿಯಲ್ಲೇ ಎಷ್ಟೋ ಸಲ ಬಸ್ಸಿನಲ್ಲಿ ಹೋಗಿದ್ದೇನೆ. ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು. ಜಗಲಿಯಲ್ಲಿ ಬೆಲ್ಲ, ನೀರು ತಂದಿಟ್ಟು “ಯಾರಾಯಿತು?” ಅಂದರು. ಹೇಳಿದೆ. ಒಳಗಿಂದ ತೊಂಬತ್ತರ ಹತ್ತಿರದ ಅಜ್ಜಿಯೊಬ್ಬರು ಗೋಡೆ ಹಿಡಿದುಕೊಂಡು ಬಂದರು. ಅಜ್ಜನ ಅಣ್ಣನ ಹೆಂಡತಿ.

“ಕುಂಞಿಯ ಪುಳ್ಳಿಯೋ ನೀನು?”

ಪುಳ್ಳಿ ಅಂದರೆ ಮೊಮ್ಮಗ. ಅಜ್ಜನಿಗೆ ಕುಂಞಿ ಅಂತ ಹೆಸರಿತ್ತು ಅಂತ ಆಗಲೇ ಗೊತ್ತಾದದ್ದು. ಮಗು ಬೇಗ ಹೊಂದಿಕೊಳ್ಳಲಿ ಅಂತ ಈ ಮನೆಯವರು ಆ ಕಡೆ ಹೋಗುವುದನ್ನೇ ಬಿಟ್ಟಿದ್ದರಂತೆ.

“ಎನ್ನ ಅತ್ತೆ ಕುಂಬಳೆ ಆಯನಕ್ಕೆ ಹೋಪದು ಬೆಡಿ ನೋಡ್ಲೆ ಅಲ್ಲ, ಮಗನ ನೋಡ್ಲೆ,” ಅಂದರು ಅಜ್ಜಿ. ಆಯನ ಅಂದರೆ ದೇವಸ್ಥಾನದ ವರ್ಷದ ಜಾತ್ರೆ, ಬೆಡಿ ಅಂದರೆ ಅಲ್ಲಿಯ ಸಿಡಿಮದ್ದು. ದೂರದಿಂದ ನೋಡುವುದು, ಹಾಗೇ ವಾಪಸ್ ಬರುವುದು. ಮಾತಾಡಿಸಿದ್ದಿಲ್ಲ.

ಅಜ್ಜ ಆಯನ ತಪ್ಪಿಸಿದ್ದು ನನಗೆ ನೆನಪಿಲ್ಲ. ಬೆಡಿ ಶುರುವಾದರೆ ಎಲ್ಲರೂ ಆಕಾಶ ನೋಡುವಾಗ ಅವರು ಜನರನ್ನು ನೋಡುತ್ತಿದ್ದರು. ನಾನು ಕಳೆದುಹೋದೇನು ಅಂತ ಹುಡುಕುತ್ತಾರೆ ಅಂದುಕೊಂಡಿದ್ದೆ.

ಊಟ ಮಾಡದೆ ಬಿಡಲಿಲ್ಲ. ಹೊರಡುವಾಗ ಅಜ್ಜಿ ಒಂದು ಕಟ್ಟು ಹಲಸಿನ ಹಪ್ಪಳ ಕೊಟ್ಟರು. ಮನೆಗೆ ಮುಟ್ಟಿದಾಗ ಕತ್ತಲಾಗಿತ್ತು. ದೊಡ್ಡತ್ತೆ ಹಪ್ಪಳದ ಕಟ್ಟು ಮಡಿಲಲ್ಲಿ ಇಟ್ಟುಕೊಂಡು ಎಲ್ಲ ಕೇಳಿದರು, ಎರಡು ಸಲ ಕಣ್ಣೊರೆಸಿಕೊಂಡರು. ಆಮೇಲೆ, “ಅದಪ್ಪು, ಗೋತ್ರ ಯಾವುದಡ?”

ಅದನ್ನು ಕೇಳಲೇ ಇಲ್ಲ.