ಇಂಟರ್‌ಕಾಮ್ ಹಾಡಿದ ದಿನ

ಮಾರ್ಚ್ 9, 2021, ಮಂಗಳವಾರ, ರಾತ್ರಿ 11 ಗಂಟೆ

ಬೆಳಿಗ್ಗೆ ಎಂಟಕ್ಕೆಲ್ಲ ಪರೀಕ್ಷಾ ಲ್ಯಾಬಿನ ಬಾಗಿಲಲ್ಲಿದ್ದೆ. ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಡುವ ಜಾಗದಲ್ಲಿ ಐದು ನಿಮಿಷ ತಡವಾದರೂ ಹೊಟ್ಟೆ ಉರಿಯುತ್ತದೆ. ಬೈಕಿಗೆ ಕಟ್ಟಿಕೊಂಡು ಬಂದ ಪೆಟ್ಟಿಗೆಯಲ್ಲಿ ನಮ್ಮ ಗೋಡೆ ಇಂಟರ್‌ಕಾಮ್‌ಗಳು ಎರಡು, ಬೆಸುಗೆ ಕಡ್ಡಿ, ತಾಮ್ರದ ಟೇಪು, ಕೆಪಾಸಿಟರ್‌ಗಳ ಡಬ್ಬಿ. ಇವಿಲ್ಲದೆ ಚೇಂಬರಿಗೆ, ಎಂದರೆ ಹೊರಗಿನ ರೇಡಿಯೊ ತರಂಗ ನುಸುಳದ ಪರೀಕ್ಷಾ ಕೋಣೆಗೆ, ಬರುವುದೂ ಹಗ್ಗವಿಲ್ಲದೆ ಬಾವಿಗೆ ಹೋಗುವುದೂ ಒಂದೇ.

ಇಷ್ಟೆಲ್ಲ ಬೇಕೇ ಎನ್ನುವುದು ನಮ್ಮ ಮಾಲೀಕರ ಪ್ರಶ್ನೆಯಾಗಿತ್ತು. ಜರ್ಮನಿಯ ಖರೀದಿದಾರರು ಜನವರಿಯಲ್ಲೇ ಪತ್ರ ಬರೆದಿದ್ದರು: ನಿಮ್ಮ ಘೋಷಣಾಪತ್ರದಲ್ಲಿ ಇನ್ನೂ ಇಎನ್ 55024 ಎಂದಿದೆ, ಇಎನ್ 55035ರ ಪ್ರಕಾರ ಹೊಸದು ಕಳಿಸಿ ಎಂದು. ಎರಡೂ ಯುರೋಪಿನ ಮಾನಕಗಳು, ಸುತ್ತಲಿನ ವಿದ್ಯುತ್ ಮತ್ತು ರೇಡಿಯೊ ಕಾಟವನ್ನು ಉಪಕರಣ ತಡೆದುಕೊಳ್ಳುತ್ತದೆಯೇ ಎಂದು ನೋಡುವಂಥವು. ಮಾಲೀಕರು ಕನ್ನಡಕ ಏರಿಸಿಕೊಂಡು ಓದಿ, "ಬದಲಾಗಿರುವುದು ನಂಬರ್ ತಾನೇ? ತಿದ್ದಿ ತನ್ನಿ, ಸಹಿ ಹಾಕುತ್ತೇನೆ" ಎಂದರು. ತಿದ್ದಬಹುದಿತ್ತು, ತಡೆಯುವವರು ಯಾರೂ ಇಲ್ಲ. ಯುರೋಪಿನ 2014/30 ನಿರ್ದೇಶನದಡಿ ನಮ್ಮಂಥ ಉಪಕರಣಕ್ಕೆ ತಯಾರಕನೇ ಘೋಷಣೆ ಮಾಡಿಕೊಳ್ಳಬಹುದು, ಮೂರನೆಯವರ ಮುದ್ರೆ ಬೇಕಿಲ್ಲ. ಆದರೆ ತಾಂತ್ರಿಕ ಕಡತವನ್ನು ಹತ್ತು ವರ್ಷ ಕಾಪಾಡಬೇಕು, ಯಾರಾದರೂ ಕೇಳಿದ ದಿನ ತೆರೆದು ತೋರಿಸಬೇಕು. "ಆ ದಿನ ನಾನು ಇಲ್ಲೇ ಇರುತ್ತೇನೋ ಇಲ್ಲವೋ, ನಿಮ್ಮ ಸಹಿಯಂತೂ ಇರುತ್ತದೆ ಸರ್" ಎಂದೆ. ಎರಡು ದಿನದ ಲ್ಯಾಬ್ ಬಾಡಿಗೆಗೆ ಒಪ್ಪಿಗೆ ಸಿಕ್ಕಿತು.

ಹಳೆಯ ವರದಿಯನ್ನೂ ಹೊಸ ಮಾನಕವನ್ನೂ ಅಕ್ಕಪಕ್ಕ ಇಟ್ಟುಕೊಂಡು ಕುಳಿತಾಗ ಮೊದಲಿಗೆ ನನಗೂ ಮಾಲೀಕರ ಮಾತೇ ಸರಿ ಎನ್ನಿಸಿತ್ತು. ಬೆರಳಿನಿಂದ ಚಿಟ್ಟೆನ್ನುವ ಸ್ಥಿರ ವಿದ್ಯುತ್ತಿನ ಹೊಡೆತ ಅದೇ: ಮುಟ್ಟಿ ಕೊಟ್ಟರೆ 4 ಕಿಲೋವೋಲ್ಟ್, ಗಾಳಿಯಲ್ಲಿ 8. ತಂತಿಗಳ ಮೂಲಕ ನುಗ್ಗಿಸುವ ರೇಡಿಯೊ ತರಂಗದಲ್ಲಿ ರಿಯಾಯಿತಿಯೇ ಸಿಕ್ಕಿದೆ. ಮೊದಲು 80 ಮೆಗಾಹರ್ಟ್ಸ್‌ವರೆಗೂ 3 ವೋಲ್ಟ್ ಇದ್ದದ್ದು ಈಗ 10ರಿಂದ ಇಳಿಯತೊಡಗಿ 30ರ ಹೊತ್ತಿಗೆ 1 ವೋಲ್ಟಿಗೆ ಬರುತ್ತದೆ. ನಿಜವಾಗಿ ಬದಲಾಗಿರುವುದು ನೋಡುವ ದೃಷ್ಟಿ. ಹಿಂದೆ ಕಂಪ್ಯೂಟರ್ ಜಾತಿಗೆ 55024, ಟಿವಿ ರೇಡಿಯೊಗಳಿಗೆ 55020, ಸ್ಟುಡಿಯೊ ಸಾಮಾನಿಗೆ ಇನ್ನೊಂದು. ಅಂತರರಾಷ್ಟ್ರೀಯ ಮಾನಕವಾದ ಸಿಸ್ಪರ್ 35ನ್ನು ಆಧರಿಸಿ 2017ರಲ್ಲಿ ಬಂದ 55035 ಇವನ್ನೆಲ್ಲ ಒಂದೇ ಸೂರಿನಡಿ ತಂದು, ಪೆಟ್ಟಿಗೆಯ ಜಾತಿ ಕೇಳುವುದನ್ನು ಬಿಟ್ಟು ಅದು ಮಾಡುವ ಕೆಲಸವನ್ನು ಕೇಳುತ್ತದೆ. ಮುದ್ರಿಸುತ್ತದೆಯೇ, ಚಿತ್ರ ತೋರಿಸುತ್ತದೆಯೇ, ಮಾತು ಸಾಗಿಸುತ್ತದೆಯೇ? ಒಂದೊಂದು ಕೆಲಸಕ್ಕೂ ಪ್ರತ್ಯೇಕ ಅನುಬಂಧ. ಇದು ನನಗೆ ಮೆಚ್ಚುಗೆಯಾಯಿತು.

ಆದರೆ ಅದೇ ಹೊಸ ಮಾನಕದ ಕೋಷ್ಟಕವೊಂದರ ಸಾಲಿನಲ್ಲಿ ನಮ್ಮ ಗ್ರಹಚಾರ ಕೂತಿತ್ತು. ಹಳೆಯ ಮಾನಕದಲ್ಲಿ ಗಾಳಿಯಲ್ಲಿ ಬರುವ ತರಂಗದ ಪರೀಕ್ಷೆ 80 ಮೆಗಾಹರ್ಟ್ಸ್‌ನಿಂದ ಶುರುವಾಗಿ 1 ಗಿಗಾಹರ್ಟ್ಸ್‌ಗೆ ಮುಗಿಯುತ್ತಿತ್ತು. ಹೊಸದರಲ್ಲಿ ಅದಾದ ಮೇಲೆ ನಾಲ್ಕು ಬಿಡಿ ಆವರ್ತನಗಳಿವೆ: 1.8, 2.6, 3.5 ಮತ್ತು 5 ಗಿಗಾಹರ್ಟ್ಸ್. ಮೊಬೈಲ್ ಮತ್ತು ವೈಫೈ ಓಡಾಡುವ ಬೀದಿಗಳು.

1 ಗಿಗಾಹರ್ಟ್ಸ್‌ವರೆಗಿನ ಪರೀಕ್ಷೆ ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಶೇಕಡ 1ರ ಹೆಜ್ಜೆಯಲ್ಲಿ ಏರಿದರೆ ಒಂದು ಸುತ್ತಿಗೆ 250ಕ್ಕೂ ಹೆಚ್ಚು ನಿಲುಗಡೆ. ನಾಲ್ಕು ಮುಖ, ಆಂಟೆನಾ ಅಡ್ಡ ಮತ್ತು ನೆಟ್ಟಗೆ, ಒಟ್ಟು ಎಂಟು ಸುತ್ತು. ಎಲ್ಲವೂ ಶಾಂತ. ತಂದಿದ್ದ ಚಿತ್ರಾನ್ನ ತಿಂದು ಮಾಸ್ಕ್ ಏರಿಸಿಕೊಂಡು ಬಂದು ಕುಳಿತೆ. ಲ್ಯಾಬಿನ ಹುಡುಗ 1.8 ಒತ್ತಿದ.

"ಸರ್, ನಿಮ್ಮದು ಹಾಡುತ್ತಿದೆ" ಎಂದ.

ಹೆಡ್‌ಫೋನ್ ಕಿತ್ತುಕೊಂಡೆ. ಕೂಂ ಎಂದು ಸ್ವಲ್ಪವೂ ಅಲುಗದ ಒಂದೇ ಸ್ವರ, 1 ಕಿಲೋಹರ್ಟ್ಸ್. ಪರೀಕ್ಷೆಯ ತರಂಗದ ಮೇಲೆ ಶೇಕಡ 80ರಷ್ಟು ಹೇರಿರುವ ಸ್ವರವೇ ಅದು, ಬೇರೆಲ್ಲಿಂದಲೂ ಬರುವಂತಿಲ್ಲ. ಮೈಕಿನ ಆಂಪ್ಲಿಫೈಯರ್ ಚಿಪ್ಪಿನ ಒಳಗಿನ ಸಂಧಿಗಳು ಡಯೋಡಿನಂತೆ ವರ್ತಿಸಿ ತರಂಗವನ್ನು ಸುಲಿದು ಸ್ವರ ತೆಗೆದುಕೊಡುತ್ತಿದ್ದವು. ಹೈಸ್ಕೂಲಿನಲ್ಲಿ ಕಟ್ಟಿದ ಕ್ರಿಸ್ಟಲ್ ರೇಡಿಯೊ ಅರ್ಧ ಸ್ಟೇಷನ್ನನ್ನೂ ಹಿಡಿದಿರಲಿಲ್ಲ. ಬೇಡವೆಂದಲ್ಲಿ ಮಾತ್ರ ರೇಡಿಯೊ ತಾನಾಗಿಯೇ ಹುಟ್ಟುತ್ತದೆ.

ಆಂಟೆನಾ ಎಲ್ಲಿ? ಮೇಜಿನ ಮೇಲೆ ಬಿಚ್ಚಿಟ್ಟು ಸ್ಕೇಲ್ ಹಿಡಿದೆ. ಮೈಕಿನಿಂದ ಬೋರ್ಡಿಗೆ ಬರುವ ಎರಡೆಳೆ ತಂತಿ ನಾಲ್ಕು ಸೆಂಟಿಮೀಟರ್ ಉದ್ದ. 1.8 ಗಿಗಾಹರ್ಟ್ಸ್‌ನ ಅಲೆಯುದ್ದ ಸುಮಾರು 16.7 ಸೆಂಟಿಮೀಟರ್, ಅದರ ಕಾಲು ಭಾಗ ನಾಲ್ಕು ಚಿಲ್ಲರೆ. ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು. ಆ ತಂತಿಯ ಬುಡದಲ್ಲಿ ಕಾವಲಿಗೆಂದು 100 ನ್ಯಾನೊಫ್ಯಾರಡ್ ಕೆಪಾಸಿಟರ್ ಇಟ್ಟವನು ನಾನೇ. ಕೆಳಗಿನ ಆವರ್ತನಗಳಲ್ಲಿ ಅದು ಗಟ್ಟಿ ಕಾವಲುಗಾರ. ಗಿಗಾಹರ್ಟ್ಸ್ ಏರಿದ ಮೇಲೆ ಅದರ ಪುಟ್ಟ ಮೈಯೇ ತಂತಿಯ ಸುರುಳಿಯಂತೆ ವರ್ತಿಸಿ, ಬಂದದ್ದನ್ನು ಗ್ರೌಂಡಿಗೆ ಇಳಿಸುವ ಬದಲು ಒಳಕ್ಕೆ ಬಿಡುತ್ತದೆ.

ಡಬ್ಬಿಯಿಂದ 12 ಪಿಕೊಫ್ಯಾರಡ್‌ನದೊಂದನ್ನು ಹೆಕ್ಕಿದೆ. ಅಂಗಿಯ ಮೇಲೆ ಬಿದ್ದರೆ ಕೈ ಬಿಟ್ಟಂತೆಯೇ, ಸಾಸಿವೆ ಕಾಳಿಗಿಂತ ಚಿಕ್ಕದು. ಚೇಂಬರಿನ ಎಸಿಯಲ್ಲಿ ಕೈ ತಣ್ಣಗಾಗಿ ಚಿಮುಟ ನಡುಗುತ್ತಿತ್ತು, ಮೊದಲನೆಯದು ಹಾರಿಯೇ ಹೋಯಿತು. ಎರಡನೆಯದನ್ನು ಉಸಿರು ಬಿಗಿಹಿಡಿದು ಚಿಪ್ಪಿನ ಕಾಲಿಗೆ ಆತುಕೊಂಡಂತೆ, ಬೋರ್ಡಿನ ಗ್ರೌಂಡ್ ಪಟ್ಟಿಗೆ ಆದಷ್ಟು ಹತ್ತಿರ ಬೆಸೆದೆ. ಮತ್ತೆ ಒಳಗಿಟ್ಟು ಬಾಗಿಲು ಹಾಕಿಸಿದೆ. 1.8ರಲ್ಲಿ ಮೌನ. 2.6ರಲ್ಲಿ ಕಿವಿಗೊಟ್ಟರೆ ಸಣ್ಣ ಎಳೆ, ಮಿತಿಗಿಂತ ಬಹಳ ಕೆಳಗೆ. 3.5 ಮತ್ತು 5ರಲ್ಲಿ ಏನೂ ಇಲ್ಲ. ಮಾತಿನ ಗುಣಮಟ್ಟ ಕೆಡಲಿಲ್ಲ. ಅಷ್ಟು ಸಣ್ಣ ಕೆಪಾಸಿಟರ್ ದನಿಯ ಆವರ್ತನಗಳಿಗೆ ಇದ್ದೂ ಇಲ್ಲದಂತೆ.

ಮಾಲೀಕರಿಗೆ ಫೋನ್ ಮಾಡಿದೆ. "ಎಷ್ಟು ಖರ್ಚು?" ಎಂದರು. ಬಿಡಿಭಾಗಕ್ಕೆ ಒಂದು ರೂಪಾಯಿಯೂ ಇಲ್ಲ ಎಂದೆ. ಬೋರ್ಡಿನ ನಕ್ಷೆ ತಿದ್ದಬೇಕು ಎನ್ನುವುದನ್ನು ನಾಳೆಗೆ ಉಳಿಸಿಕೊಂಡೆ.

ಬರುವಾಗ ದಾರಿಯುದ್ದಕ್ಕೂ ತಲೆ ತಿಂದದ್ದು ಬೇರೆಯೇ ವಿಷಯ. ಪರೀಕ್ಷೆಯ ಬಲ ಮೀಟರಿಗೆ 3 ವೋಲ್ಟ್. 1 ವಾಟ್ ಹೊರಚೆಲ್ಲುವ ಮೊಬೈಲೊಂದು ಎರಡು ಮೀಟರಿನೊಳಗೆ ಬಂದರೆ ಅಷ್ಟು ಬಲ ಹೇಗೂ ಇರುತ್ತದೆ. ಅಪ್ಪನ ರೇಡಿಯೊ ಪಕ್ಕ ಹಳೆಯ ಮೊಬೈಲ್ ಇಟ್ಟಾಗ ಕರೆ ಬರುವ ಮುಂಚೆ ಗುರ್‌ಗುರ್ ಎನ್ನುತ್ತಿತ್ತಲ್ಲ, ಇದೂ ಅದೇ. ಎರಡು ವರ್ಷದ ಹಿಂದೆ ಯುರೋಪಿನ ಒಂದು ಹೋಟೆಲಿನವರು, ಸ್ವಾಗತ ಮೇಜಿನ ಇಂಟರ್‌ಕಾಮ್ ಆಗಾಗ ಗುರ್‌ಗುಟ್ಟುತ್ತದೆ ಎಂದು ದೂರಿದ್ದರು. ಈಗ ಆ ಇಮೇಲ್ ಹುಡುಕಿ ತೆರೆದೆ. "ನಿಮ್ಮ ಕೇಬಲ್ ಜೋಡಣೆ ಪರೀಕ್ಷಿಸಿ" ಎಂದು ಎರಡೇ ಸಾಲಿನ ಉತ್ತರ, ಕೆಳಗೆ ನನ್ನ ಹೆಸರು. ಅವರು ಮತ್ತೆ ಬರೆದಿಲ್ಲ.

ಹೊಸ ಉತ್ತರ ಬರೆಯಲು ಕುಳಿತಿದ್ದೇನೆ. ಮೊದಲ ಸಾಲು: "ಆ ಮೇಜಿನ ಮೇಲೆ ನಿಮ್ಮ ಸಿಬ್ಬಂದಿ ಮೊಬೈಲನ್ನು ಎಲ್ಲಿಡುತ್ತಾರೆ?"