ಎಡಗಡೆಯ ಕನ್ನಡಿ ಒಡೆದ ಮೇಲೆ

ಕಳೆದ ತಿಂಗಳು ಮಲ್ಲೇಶ್ವರದ ಅಡ್ಡರಸ್ತೆಯೊಂದರಲ್ಲಿ ನಿಲ್ಲಿಸಿದ್ದ ನಮ್ಮ ಸ್ವಿಫ್ಟ್ ಕಾರಿನ ಎಡಗಡೆಯ ಸೈಡ್ ಮಿರರ್‌ಗೆ ಯಾವುದೋ ಗಾಡಿ ತಗುಲಿಸಿ ಹೋಗಿತ್ತು. ಕವಚದ ಮೇಲೆ ಒಂದು ಗೀರು ಬಿದ್ದದ್ದು ಬಿಟ್ಟರೆ ಹೊರಗೆ ಹೆಚ್ಚೇನೂ ಆಗಿರಲಿಲ್ಲ; ಗಾಜು ಮಾತ್ರ ಮೂಲೆಯಿಂದ ಮೂಲೆಗೆ ಸೀಳಿತ್ತು. ಅದರಲ್ಲೇ ಎರಡು ದಿನ ಓಡಿಸಿದೆ. ಬೆಂಗಳೂರಿನಲ್ಲಿ ದ್ವಿಚಕ್ರ ವಾಹನಗಳು ಎಡಗಡೆಯಿಂದಲೇ ನುಗ್ಗುವುದು ಹೆಚ್ಚು. ಸೀಳಿದ ಗಾಜಿನಲ್ಲಿ ಒಂದು ಸ್ಕೂಟರು ಎರಡಾಗಿ ಕಾಣುತ್ತಿತ್ತು, ಸೀಳಿನ ಗೆರೆಯ ಹತ್ತಿರ ಬಂದಾಗ ಪೂರ್ತಿ ಮಾಯವಾಗುತ್ತಿತ್ತು. ಮೂರನೆಯ ದಿನ ಗಾಡಿ ತೆಗೆಯಲು ಮನಸ್ಸಾಗದೆ ಮೆಟ್ರೋ ಹತ್ತಿ, ಕಾರಿನ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋದೆ.

ಹೊರಡುವ ಮೊದಲು ಒಂದು ವಿಷಯವನ್ನು ಮನೆಯಲ್ಲೇ ತೀರ್ಮಾನಿಸಿಕೊಳ್ಳಬೇಕು: ಬೇಕಾಗಿರುವುದು ಗಾಜು ಮಾತ್ರವೋ, ಪೂರ್ತಿ ಮಿರರೋ? ಸ್ವಿಚ್ ಒತ್ತಿದಾಗ ಗಾಜು ಮೇಲೆ ಕೆಳಗೆ, ಆಚೆ ಈಚೆ ಸರಾಗವಾಗಿ ತಿರುಗಿದರೆ ಮೋಟಾರು ಚೆನ್ನಾಗಿದೆ ಎಂದರ್ಥ. ಕವಚವನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿದಾಗ ಬುಡ ಗಟ್ಟಿಯಾಗಿದ್ದರೆ ಗಾಜೊಂದನ್ನು ಬದಲಾಯಿಸಿದರೆ ಸಾಕು. ಬುಡ ಸಡಿಲವಾಗಿದ್ದರೆ ಎಷ್ಟೇ ಒಳ್ಳೆಯ ಗಾಜು ಹಾಕಿದರೂ ತುಮಕೂರು ರಸ್ತೆಯಲ್ಲಿ ವೇಗ ಹಿಡಿದೊಡನೆ ಕನ್ನಡಿ ನಡುಗಿ, ಹಿಂದಿನ ಲಾರಿ ಎಷ್ಟು ದೂರದಲ್ಲಿದೆ ಎಂಬುದೇ ತಿಳಿಯುವುದಿಲ್ಲ. ಆಗ ಪೂರ್ತಿ ಮಿರರ್ ಕೊಳ್ಳುವುದೇ ಸರಿ. ಹಾಗೆ ಕೊಳ್ಳುವವರು ಕಾರಿನ ಹೆಸರು ಹೇಳಿದರೆ ಸಾಲದು. ಒಂದೇ ಕಾರಿನಲ್ಲಿ ಒಳಗಿನ ಕಡ್ಡಿಯಿಂದ ತಿರುಗಿಸುವುದು, ಸ್ವಿಚ್ಚಿನಿಂದ ತಿರುಗುವುದು, ತಾನಾಗಿ ಮಡಚಿಕೊಳ್ಳುವುದು, ಇಂಡಿಕೇಟರ್ ದೀಪ ಇರುವುದು ಎಂದು ಹಲವು ಬಗೆಗಳಿರುತ್ತವೆ, ಕನೆಕ್ಟರಿನ ವೈರುಗಳ ಸಂಖ್ಯೆಯೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಬಾಗಿಲ ಒಳಗಿನ ಕನೆಕ್ಟರನ್ನು ಬಿಚ್ಚಿ ಒಂದು ಫೋಟೋ ತೆಗೆದುಕೊಂಡು ಹೋದರೆ ಎರಡನೆಯ ಸಲ ಅಲೆಯುವುದು ತಪ್ಪುತ್ತದೆ.

ನಾನು ಹೋದ ಅಂಗಡಿಯ ಮಾಲೀಕರು ಕೌಂಟರಿನ ಮೇಲೆ ಎರಡು ಗಾಜು ತಂದಿಟ್ಟರು: ಒಂದು ಕಾರು ಕಂಪನಿಯ ಪೆಟ್ಟಿಗೆಯಲ್ಲಿದ್ದದ್ದು, ಇನ್ನೊಂದು ಪ್ಲಾಸ್ಟಿಕ್ ಕವರಿನಲ್ಲಿದ್ದ ಲೋಕಲ್ ಮಾಲು. ಆಕಾರದಲ್ಲಿ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. "ಬಾಯಲ್ಲಿ ಹೇಳೋದು ಬೇಡ ಸಾರ್, ಈಚೆ ಬನ್ನಿ, ನೀವೇ ನೋಡಿ" ಎಂದು ಅವರು ಎರಡನ್ನೂ ಹೊರಗೆ ತಂದು, ಎದುರಿನ ಮುಚ್ಚಿದ ಅಂಗಡಿಗೆ ಬೆನ್ನು ಮಾಡಿ ನಿಲ್ಲಲು ಹೇಳಿ, ಅದರ ರೋಲಿಂಗ್ ಷಟರ್ ಕಾಣುವಂತೆ ಒಂದೊಂದಾಗಿ ನನ್ನ ಕೈಗೆ ಕೊಟ್ಟರು. ಮೊದಲನೆಯದರಲ್ಲಿ ಷಟರಿನ ಅಡ್ಡಗೆರೆಗಳು ಬಿಲ್ಲಿನಂತೆ ಒಂದೇ ಸಮನಾಗಿ ಬಾಗಿದ್ದವು. ಎರಡನೆಯದರಲ್ಲಿ ಅವೇ ಗೆರೆಗಳು ನಡುವೆ ನೇರವಾಗಿದ್ದು, ಅಂಚಿಗೆ ಬರುತ್ತಿದ್ದಂತೆ ನೀರಿನ ಅಲೆಯಂತೆ ಏರಿಳಿದವು. ಗಾಜನ್ನು ಸ್ವಲ್ಪ ಓರೆ ಮಾಡಿದರೆ ಅಲೆ ಓಡಾಡಿತು. ರಸ್ತೆಯಲ್ಲಿ ಆ ಅಂಚಿನಲ್ಲಿ ಕಾಣಬೇಕಾದದ್ದು ಷಟರಲ್ಲ, ಪಕ್ಕಕ್ಕೆ ಬಂದಿರುವ ಬೈಕು. ಅಗ್ಗದ ಕೆಲವು ಕನ್ನಡಿಗಳು ಗಾಜೇ ಆಗಿರದೆ ಲೇಪ ಹಚ್ಚಿದ ಪ್ಲಾಸ್ಟಿಕ್ ಆಗಿರುತ್ತವೆ ಎಂಬುದನ್ನೂ ಅವರೇ ಹೇಳಿಕೊಟ್ಟರು. ಉಗುರಿನಿಂದ ತಟ್ಟಿದರೆ ಸದ್ದಿನಲ್ಲೇ ಗೊತ್ತಾಗುತ್ತದೆ. ಅಂಥದ್ದು ನಾಲ್ಕು ಸಲ ಧೂಳು ಒರೆಸಿದರೆ ಗೀರುಗಳಿಂದ ಮಂಕಾಗುತ್ತದೆ. ಇಂಥ ವ್ಯಾಪಾರಿಗಳು ಇರುವವರೆಗೆ ನಾನು ಅಂಗಡಿಗೆ ಹೋಗಿಯೇ ಕೊಳ್ಳುತ್ತೇನೆ.

ಗೆರೆಗಳು ಬಾಗಿ ಕಾಣುವುದಕ್ಕೆ ಕಾರಣ, ಅದು ಶಾಲೆಯಲ್ಲಿ ನಾವು ಓದಿದ ಪೀನ ದರ್ಪಣ. ಉಬ್ಬು ಹೆಚ್ಚಿದಷ್ಟೂ ನೋಟ ಅಗಲವಾಗುತ್ತದೆ, ಆದರೆ ವಾಹನಗಳು ಚಿಕ್ಕದಾಗಿ, ಇರುವುದಕ್ಕಿಂತ ದೂರದಲ್ಲಿ ಕಾಣುತ್ತವೆ. ಅದಕ್ಕೇ ವಿಶ್ವಸಂಸ್ಥೆಯ ವಾಹನ ನಿಯಮಾವಳಿಯು ಕಾರಿನ ಪಕ್ಕದ ಕನ್ನಡಿಯ ವಕ್ರತಾ ತ್ರಿಜ್ಯ (ಇದು ಕಡಿಮೆಯಾದಷ್ಟೂ ಉಬ್ಬು ಹೆಚ್ಚು) 1200 ಮಿಲಿಮೀಟರಿಗಿಂತ ಕಡಿಮೆ ಇರಬಾರದೆಂದು ಮಿತಿ ಹಾಕಿದೆ. ಅಮೆರಿಕದ ನಿಯಮ ಬೇರೆ: ಅಲ್ಲಿ ಚಾಲಕನ ಪಕ್ಕದ ಕನ್ನಡಿ ಸಪಾಟಾಗಿರಬೇಕು. ಅಲ್ಲಿ ಚಾಲಕ ಕೂರುವುದು ಎಡಕ್ಕೆ ಎಂಬುದನ್ನು ಮರೆತು, ವಿದೇಶಿ ಜಾಲತಾಣದಿಂದ ಎಡಗಡೆಯ ಗಾಜು ತರಿಸಿಕೊಂಡರೆ ಸಪಾಟು ಕನ್ನಡಿ ಕೈಗೆ ಬಂದೀತು. ನಮ್ಮ ಕಾರಿನಲ್ಲಿ ಅದು ಚಾಲಕನಿಂದ ದೂರದ ಬದಿಗೆ ಬರುವುದರಿಂದ, ಹಿಂದಿನ ರಸ್ತೆಯ ಕಿರಿದಾದ ಪಟ್ಟಿಯೊಂದು ಕಂಡರೆ ಹೆಚ್ಚು.

ಪಕ್ಕದ ಕನ್ನಡಿಯಲ್ಲಿ ಕಾಣದೆ ಉಳಿಯುವ ಜಾಗವನ್ನು ತೋರಿಸಲೆಂದು ಅದರ ಮೂಲೆಗೆ ಅಂಟಿಸುವ ದುಂಡನೆಯ ಪುಟ್ಟ ಕನ್ನಡಿಯನ್ನೂ ಕೊಳ್ಳಬೇಕೆಂದು ನನ್ನ ತಂಗಿ ಹೇಳಿ ಕಳಿಸಿದ್ದಳು. ಕೊಳ್ಳುವ ಮೊದಲು ಇರುವ ಕನ್ನಡಿಯನ್ನೇ ಸರಿಯಾಗಿ ಹೊಂದಿಸಿಕೊಂಡು ನೋಡಿ ಎಂಬುದು ನನ್ನ ಸಲಹೆ. ಅಮೆರಿಕದ ಎಂಜಿನಿಯರ್ ಜಾರ್ಜ್ ಪ್ಲಾಟ್ಜರ್ 1995ರಲ್ಲಿ ಅಲ್ಲಿನ ವಾಹನ ಎಂಜಿನಿಯರುಗಳ ಸಂಘಕ್ಕೆ ಸಲ್ಲಿಸಿದ ಪ್ರಬಂಧದಿಂದ ಒಂದು ಕ್ರಮ ಹೆಸರಾಯಿತು. ನಮ್ಮ ಬಲಗಡೆಯ ಸ್ಟೀರಿಂಗಿಗೆ ಅದನ್ನು ಹೀಗೆ ಹೊಂದಿಸಿಕೊಳ್ಳಬಹುದು: ತಲೆಯನ್ನು ಬಲಗಿಟಕಿಯ ಹತ್ತಿರಕ್ಕೆ ಒಯ್ದು, ನಮ್ಮ ಕಾರಿನ ಅಂಚು ಆಗಷ್ಟೇ ಕಾಣುವಂತೆ ಬಲ ಕನ್ನಡಿಯನ್ನು ಹೊರಕ್ಕೆ ತಿರುಗಿಸಬೇಕು, ಎರಡು ಸೀಟುಗಳ ನಡುವಿಗೆ ವಾಲಿ ಎಡ ಕನ್ನಡಿಯನ್ನು ಹಾಗೆಯೇ ಹೊರಕ್ಕೆ ತಿರುಗಿಸಬೇಕು. ನೆಟ್ಟಗೆ ಕೂತಾಗ ನಮ್ಮದೇ ಕಾರು ಕಾಣುವುದಿಲ್ಲ, ಪಕ್ಕದ ಸಾಲು ಕಾಣುತ್ತದೆ. ಮೊದಲ ವಾರ ಇರಿಸುಮುರಿಸಾಗುತ್ತದೆ, ಆಮೇಲೆ ರೂಢಿಯಾಗುತ್ತದೆ. ಇಷ್ಟಾದ ಮೇಲೂ ದುಂಡು ಕನ್ನಡಿ ಬೇಕೆನಿಸಿದರೆ ತೀರ ಚಿಕ್ಕದನ್ನು ಹೊರಗಿನ ಕೆಳಮೂಲೆಗೆ ಅಂಟಿಸಬಹುದು. ಒಳಗಿನ ಕನ್ನಡಿಗೆ ಸಿಕ್ಕಿಸುವ ಅಗಲವಾದ ಉಬ್ಬುಗನ್ನಡಿಯನ್ನು ಮಾತ್ರ ನಾನು ಒಪ್ಪುವುದಿಲ್ಲ. ರಾತ್ರಿ ಹಿಂದಿನ ಗಾಡಿಯ ಬೆಳಕು ಕಣ್ಣು ಕುಕ್ಕದಿರಲೆಂದು ಎಳೆಯುವ ಪುಟ್ಟ ಹಿಡಿಕೆ ಕೆಲಸ ಮಾಡುವುದು ಮೂಲ ಗಾಜು ಬೆಣೆಯಾಕಾರದಲ್ಲಿರುವುದರಿಂದ. ಅದರ ಮೇಲೆ ಇನ್ನೊಂದನ್ನು ಮುಚ್ಚಿದರೆ ಆ ಅನುಕೂಲ ಹೋಗುತ್ತದೆ.

ಅಂಗಡಿಯಲ್ಲಿದ್ದಷ್ಟು ಹೊತ್ತು ಉಳಿದ ಸಾಮಾನುಗಳನ್ನೂ ನೋಡಿದೆ. ಕ್ರೋಮ್ ಪಟ್ಟಿಗಳ ಬಗ್ಗೆ ಹೇಳಲು ಏನೂ ಇಲ್ಲ. ಮುಂಭಾಗಕ್ಕೆ ಹಾಕುವ ಕ್ರ್ಯಾಶ್ ಗಾರ್ಡ್ ಕಾನೂನಿಗೆ ವಿರುದ್ಧವಾದದ್ದು, ಅದನ್ನು ತಡೆಯಿರಿ ಎಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿದೆ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಹೊಸ ಕಾರುಗಳಿಗೆ ಅದು ಬಿಚ್ಚಿಕೊಳ್ಳುವ ಕಡೆ ಹೊಲಿಗೆ ಹರಿಯುವಂತೆ ಮಾಡಿದ ಕವರನ್ನೇ ಹಾಕಿಸಬೇಕು.

ನಾನು ಹೆಚ್ಚು ಹೊತ್ತು ಕಳೆದದ್ದು ಕಾಲುಮ್ಯಾಟುಗಳ ಮುಂದೆ. 2009ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋ ಬಳಿ ಒಂದು ಲೆಕ್ಸಸ್ ಕಾರು ಅಪಘಾತಕ್ಕೀಡಾಗಿ ನಾಲ್ವರು ಸತ್ತರು. ಬೇರೆ ಮಾದರಿಯ ಕಾರಿನ ರಬ್ಬರ್ ಮ್ಯಾಟನ್ನು ಅದಕ್ಕೆ ಹಾಕಿದ್ದರು, ಅದರಲ್ಲಿ ಆಕ್ಸಿಲರೇಟರ್ ಪೆಡಲು ಸಿಕ್ಕಿಕೊಂಡಿತ್ತು. ಅದನ್ನು ಓದಿದಾಗಿನಿಂದ ಚಾಲಕನ ಮ್ಯಾಟ್ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ನೆಲದ ಕೊಕ್ಕೆಗೆ ಸಿಕ್ಕುವ, ನಮ್ಮ ಕಾರಿಗೆಂದೇ ಕತ್ತರಿಸಿದ ಒಂದೇ ಮ್ಯಾಟ್ ಇರಬೇಕು. ಹಳೆಯದರ ಮೇಲೆ ಹೊಸದು ಹಾಸಬಾರದು. ಹಾಸಿದ ಮೇಲೆ ಎಂಜಿನ್ ಆರಿಸಿ, ಪೆಡಲನ್ನು ಪೂರ್ತಿ ಒತ್ತಿ ಬಿಟ್ಟು ನೋಡಬೇಕು.

ಗಾಜನ್ನು ಮನೆಯಲ್ಲಿ ನಾನೇ ಕೂರಿಸಿದೆ. ಮೊದಲು ಹಳೆಯ ಗಾಜಿನ ಮೇಲೆ ಅಗಲವಾದ ಟೇಪು ಅಂಟಿಸಿದೆ, ಚೂರು ಸಿಡಿಯದಿರಲೆಂದು. ಕೈಗೆ ದಪ್ಪ ಗವುಸು ಹಾಕಿಕೊಂಡು ಮೇಲ್ತುದಿಯನ್ನು ಒಳಕ್ಕೆ ಒತ್ತಿ, ಕೆಳಗೆ ಬಿಟ್ಟ ಸಂದಿನಲ್ಲಿ ಬೆರಳು ಹಾಕಿ ಎಳೆದಾಗ ಹಿಂದಿನ ಕ್ಲಿಪ್ಪುಗಳು ಒಂದೊಂದಾಗಿ ಬಿಟ್ಟವು. ಹೊಸದನ್ನು ಕ್ಲಿಪ್ಪುಗಳ ನೇರಕ್ಕೆ ಇಟ್ಟು, ಬಟ್ಟೆಯ ಮೇಲಿಂದ ಅಂಗೈಯಗಲ ಒತ್ತಿದೆ. ಮೂಲೆಯಲ್ಲಿ ಒತ್ತಿದ್ದರೆ ಅದೂ ಸೀಳುತ್ತಿತ್ತು. ಟಕ್ ಎಂಬ ಸದ್ದು ಎರಡು ಸಲ ಕೇಳಿಸಿತು. ತಂಗಿಯನ್ನು ಕರೆದು ಕಾರಿನ ಎಡಕ್ಕೆ, ಹಿಂದಿನ ಚಕ್ರದ ಸಮಕ್ಕೆ ಸ್ಕೂಟರ್ ತಂದು ನಿಲ್ಲಿಸಲು ಹೇಳಿ ನಾನು ಸೀಟಿನಲ್ಲಿ ಕೂತೆ. ಅವಳ ಹೆಲ್ಮೆಟ್ಟು, ಹ್ಯಾಂಡಲ್ಲು, ಮುಂದಿನ ಚಕ್ರ, ಮೂರೂ ಕಂಡವು. ಆಮೇಲೆ ಅವಳು ಬಂದು ನನ್ನ ಸೀಟಿನಲ್ಲಿ ಕೂತಳು, ಸೀಟು ಮುಂದಕ್ಕೆ ಎಳೆದುಕೊಂಡು ಸ್ವಿಚ್ ಒತ್ತಿ ತನ್ನ ಎತ್ತರಕ್ಕೆ ಕನ್ನಡಿಯನ್ನು ಹೊಂದಿಸಿಕೊಂಡಳು. ನಾನು ಹೋಗಿ ಸ್ಕೂಟರಿನ ಪಕ್ಕ ನಿಂತೆ.